ಪಾರ್ವತೆಮ್ಮನ ಬಾಯಿ ಹೊಳೆಯಲಿಲ್ಲ

ಪಾರ್ವತೆಮ್ಮ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಪಾಪ, ಭಾರೀ ನಾಚಿಕೆಯ ಹೆಂಗಸು ಎಂದು ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನ ನೆರೆಯವರು ತಿಳಿದಿದ್ದರು. ನಾಚಿಕೆಯೇನೋ ನಿಜ, ಆದರೆ ಅದು ಹುಟ್ಟಿನಿಂದ ಬಂದದ್ದಲ್ಲ, ಹೈದರಾಬಾದಿಗೆ ಬಂದು ಕಲಿತದ್ದು. ಸೇಡಂ ಕಡೆಯ ಅವಳ ಊರಿನಲ್ಲಿ, ಅವಳ ಕಾಲದಲ್ಲಿ, ಗಂಡನುಳ್ಳ ಹೆಂಗಸಿಗೆ ಕಪ್ಪು ಹಲ್ಲೇ ಲಕ್ಷಣ. ಬಳೆ, ಕುಂಕುಮದ ಹಾಗೆ ಹಲ್ಲಿಗೆ ಹಚ್ಚುವ ಕರಿಪುಡಿಯೂ ಮುತ್ತೈದೆಯ ಸಾಮಾನು. ಅಳಲೆಕಾಯಿ ಹುರಿದು ಕುಟ್ಟಿ, ಅಂಗಡಿಯಲ್ಲಿ ಸಿಗುವ ಹಸಿರು ಹರಳಿನಂಥ ಅನ್ನಭೇದಿ ಸೇರಿಸಿ, ಕಬ್ಬಿಣದ ಬಾಣಲೆಯಲ್ಲಿ ಕಲಸಿ ಇಡುತ್ತಿದ್ದರು. ಅತ್ತೆ ಅಂಬವ್ವ ಮೊದಲ ಸಲ ಅದನ್ನು ಸೊಸೆಯ ಹಲ್ಲಿಗೆ ತಾನೇ ತಿಕ್ಕಿ, "ಅನ್ನಭೇದಿ ಅಂದ್ರ ಕಬ್ಬಿಣದ ಉಪ್ಪು. ಕಬ್ಬಿಣ ಉಂಡ ಹಲ್ಲು ನಿಂದು, ಇನ್ನ ಸಾಯೋತನ ಅಲುಗಾಡಂಗಿಲ್ಲ ನೋಡು" ಎಂದಿದ್ದಳು. ಮುದುಕಿಯ ಮಾತು ಸುಳ್ಳಾಗಲಿಲ್ಲ. ಐವತ್ತೆಂಟು ದಾಟಿದರೂ ಪಾರ್ವತೆಮ್ಮನ ಒಂದು ಹಲ್ಲೂ ಬಿದ್ದಿರಲಿಲ್ಲ.

ಗಂಡ ಗುರುಸಿದ್ದಪ್ಪನ ಜೊತೆ ಅವಳು ಬಂದಾಗ ಮಾದಾಪುರದಲ್ಲಿ ಬಂಡೆಗಳೇ ಹೆಚ್ಚು, ಮನೆಗಳು ಕಡಿಮೆ. ಗಂಡ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ನಿಂತ, ಇವಳು ತಲೆಯ ಮೇಲೆ ಜಲ್ಲಿ ಹೊತ್ತಳು. ಈಗ ಗಾಜಿನ ಕಟ್ಟಡಗಳಲ್ಲಿ ಕುಳಿತು ಎಸಿ ಜಾಸ್ತಿಯಾಯಿತು ಎಂದು ಗೊಣಗುವವರ ಕಾಲ ಕೆಳಗಿನ ಎಷ್ಟೋ ಸ್ಲ್ಯಾಬುಗಳಿಗೆ ಅವಳು ಕಾಂಕ್ರೀಟು ಸಾಗಿಸಿದ್ದಾಳೆ. ಬಿಸಿಲಲ್ಲಿ ಹಸಿವು ಗೊತ್ತಾಗದಿರಲಿ ಎಂದು ಎಡಗೆನ್ನೆಯ ಸಂದಿಯಲ್ಲಿ ಸುಣ್ಣ ತಿಕ್ಕಿದ ತಂಬಾಕು ಇಟ್ಟುಕೊಳ್ಳುತ್ತಿದ್ದಳು. ಮಗಳು ಸುವರ್ಣಾ ಮರಳಿನ ಗುಡ್ಡೆಯ ಪಕ್ಕದಲ್ಲೇ ಆಡಿ ಬೆಳೆದಳು.

ಸುವರ್ಣಾ ಸ್ಕೂಲಿಗೆ ಸೇರಿದ ವರ್ಷ ತಾಯಂದಿರನ್ನು ಕರೆಸಿದ್ದರು. ಪಾರ್ವತೆಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹಲ್ಲಿಗೆ ಚೆನ್ನಾಗಿ ಪುಡಿ ತಿಕ್ಕಿಕೊಂಡು ಹೋಗಿ ಟೀಚರಮ್ಮನ ಎದುರು ಬಾಯ್ತುಂಬ ನಕ್ಕಳು. ಟೀಚರಮ್ಮ ಹಿಂದೆ ಸರಿದು, "ಏಮಮ್ಮಾ, ಪಳ್ಳು ತೋಮುಕೋವಾ?" ಎಂದು ಕೇಳಿದಳು. ಹಲ್ಲು ಉಜ್ಜುವುದಿಲ್ಲವಾ ಎಂದು. ಮಕ್ಕಳೆಲ್ಲ ಗೊಳ್ಳೆಂದರು. ಮಗಳು ತಾಯಿಯ ಕೈಯೊಳಗಿನಿಂದ ತನ್ನ ಕೈ ಮೆಲ್ಲಗೆ ಬಿಡಿಸಿಕೊಂಡಳು. ಸೆರಗು ಬಾಯಿಗೆ ಬಂದದ್ದು ಆವತ್ತು.

ಅದೇ ಸುವರ್ಣಾ ಈಗ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಹುದ್ದೆಯಲ್ಲಿದ್ದಾಳೆ. ತಾಯಿಗೆ ಬಣ್ಣಬಣ್ಣದ ಪೇಸ್ಟು, ಮೆತ್ತನೆಯ ಬ್ರಷ್ಷು ಎಲ್ಲ ತಂದುಕೊಟ್ಟಿದ್ದಾಳೆ. ಪಾರ್ವತೆಮ್ಮ ಅವನ್ನು ಬಳಸುತ್ತಾಳೆ ಕೂಡ. ಆದರೆ ಪೇಸ್ಟಿನಿಂದ ಉಜ್ಜಿದರೆ ಬಾಯಿ ತೊಳೆದಂತೆಯೇ ಅನ್ನಿಸುವುದಿಲ್ಲ, ಪೆಪ್ಪರಮಿಂಟು ತಿಂದಂತಾಗುತ್ತದೆ. ಹಾಗಾಗಿ ಬಾತ್‌ರೂಮಿನಲ್ಲಿ, ಬಟ್ಟೆ ಸೋಪಿನ ಡಬ್ಬಿಯ ಹಿಂದೆ, ಕರಿಪುಡಿಯ ಪುಟ್ಟ ಡಬ್ಬಿ ಒಂದು ಅಡಗಿ ಕೂತಿತ್ತು. ಮಗಳಿಗೆ ಗೊತ್ತಿಲ್ಲವೆಂದು ಅವಳ ನಂಬಿಕೆ.

ಹೋದ ವರ್ಷ ಎಡಗೆನ್ನೆಯ ಒಳಗೆ, ತಂಬಾಕು ಇಡುತ್ತಿದ್ದ ಜಾಗದಲ್ಲೇ, ಬಿಳಿ ಕೆಂಪು ಬೆರೆತ ಕಲೆ ಎದ್ದಿತು. ಖಾರ ತಾಕಿದರೆ ಉರಿ. ಚೂರು ತೆಗೆದು ಪರೀಕ್ಷೆ ಮಾಡಿದವರು, ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಅದರ ಹೊಸ್ತಿಲ ಮೇಲೆ ನಿಂತಿದೆ ಎಂದರು. ತಂಬಾಕನ್ನು ಪಾರ್ವತೆಮ್ಮ ಅಂದೇ ಬಿಟ್ಟಳು. ಇದರಲ್ಲಿ ಸುಳ್ಳಿಲ್ಲ, ಆ ವಿಷಯದಲ್ಲಿ ಗಂಡೆದೆಯವಳು. ಕಲೆಯಿರುವ ಭಾಗವನ್ನು ಕತ್ತರಿಸಿ ತೆಗೆದರೆ ಕೆನ್ನೆ ಬಿಗಿದು ಬಾಯಿ ಪೂರ್ತಿ ತೆರೆಯದೆ ಹೋಗಬಹುದು ಎಂದು ಹೆದರಿಸಿದರು. ರೊಟ್ಟಿ ತಿನ್ನುವವಳಿಗೆ ಇನ್ನೇನು ಬೇಕು! ಸುವರ್ಣಾ ನಾಲ್ಕು ಕಡೆ ವಿಚಾರಿಸಿ ಮಾದಾಪುರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. ಅಲ್ಲಿ ಬೆಳಕಿನಿಂದಲೇ ಕಲೆ ಸುಡುವ ಚಿಕಿತ್ಸೆ ಹೊಸದಾಗಿ ಶುರುವಾಗಿತ್ತು. ಪಾರ್ವತೆಮ್ಮನೇ ಮೊದಲ ರೋಗಿ.

ಡಾಕ್ಟರು ವಾಸಂತಿ ರಾಯಚೂರಿನವಳು. ಕನ್ನಡ ಕೇಳಿಸಿದ್ದೇ ಪಾರ್ವತೆಮ್ಮನಿಗೆ ಅರ್ಧ ರೋಗ ವಾಸಿಯಾದಂತಾಯಿತು. ಬೆಳಕು ಬಿಡುವ ಮೊದಲು ಕಲೆಗೆ ಹಚ್ಚುವ ಜೆಲ್ಲು ಕಲಸಿಕೊಡುವ ಸೂರ್ಯಕಾಂತನೂ ಹುಮನಾಬಾದಿನವನು, ನಡುವಯಸ್ಸಿನ ಮೆತ್ತನೆಯ ಮನುಷ್ಯ. ಆ ಔಷಧದ ಪುಡಿ ಶಾಖ ತಾಕಿದರೆ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟು ಆಯಾ ದಿನವೇ ಕಲಸಬೇಕು. ಅವನು ಕಲಸಿ ತಂದು, "ಅವ್ವಾರ, ಕಹಿ ಅನ್ನಸ್ತೈತಿ, ನುಂಗಬ್ಯಾಡ್ರಿ ಮತ್ತ" ಎಂದು ಎರಡೆರಡು ಸಲ ಹೇಳಿ ಹೋಗುತ್ತಿದ್ದ.

ಜೆಲ್ಲು ಹಚ್ಚಿ, ಕಲೆಯ ಮೇಲೆ ಹತ್ತಿ ಒತ್ತಿಟ್ಟು, ಬಹಳ ಹೊತ್ತು ಸುಮ್ಮನೆ ಕೂರಿಸಿದರು. ಆಮೇಲೆ ಕೋಣೆ ಕತ್ತಲೆ ಮಾಡಿ ನೀಲಿ ದೀಪ ಹಿಡಿದರು. ಕೆಟ್ಟ ಜಾಗವಷ್ಟೇ ಕೆಂಪಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆದರೂ ಕೆಂಪು ಬೆಳಕು ಹಾಯಿಸಿ ಕಳಿಸಿದರು. ಕಲೆ ಕದಲಲಿಲ್ಲ. "ಒಮ್ಮೊಮ್ಮೆ ಹಿಂಗಾಗ್ತೈತ್ರಿ, ಇನ್ನೊಮ್ಮೆ ನೋಡೂಣು" ಎಂದಳು ವಾಸಂತಿ.

ಇಲ್ಲಿ ಒಂದು ಮಾತು ಹೇಳಬೇಕು. ಆಸ್ಪತ್ರೆಗೆ ಹೊರಡುವ ದಿನ ಪಾರ್ವತೆಮ್ಮ ಬಾಗಿಲು ಹಾಕಿಕೊಂಡು ಕರಿಪುಡಿಯನ್ನು ಎರಡು ಸಲ ತಿಕ್ಕುತ್ತಿದ್ದಳು. ಓದಿದವರ ಮುಂದೆ ಹೊಲಸು ಬಾಯಿ ತೆರೆದು ಕೂಡುವುದು ಹೇಗೆ? ಕಲೆ ಅಸಹ್ಯವಾಗಿ ಕಾಣಬಾರದೆಂದು ಅದರ ಮೇಲೂ ಒಂದು ಚಿಟಿಕೆ ಒತ್ತಿ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಿ ಮಗಳ ಜೊತೆ ಕ್ಯಾಬು ಹತ್ತುತ್ತಿದ್ದಳು. ಮದುವೆಮನೆಗೆ ಹೊರಟವರು ಪೌಡರು ಹಚ್ಚಿಕೊಳ್ಳುವಷ್ಟೇ ನಿರ್ಮಲ ಮನಸ್ಸಿನಿಂದ ಮಾಡುತ್ತಿದ್ದ ಕೆಲಸ ಅದು.

ಎರಡನೆಯ ಸಲವೂ ಬಾಯಿ ಹೊಳೆಯಲಿಲ್ಲ. ಈ ಬಾರಿ ವಾಸಂತಿಯ ಮುಖ ಗಂಭೀರವಾಯಿತು. ದೀಪ ಹಾಕಿ, ಸ್ಟೂಲು ಎಳೆದುಕೊಂಡು ಪಾರ್ವತೆಮ್ಮನ ಎದುರೇ ಕೂತಳು.

"ಪಾರ್ವತೆಮ್ಮಾರ, ನಿಮಗ ತಿಳಿಯೂ ಹಂಗ ಹೇಳ್ತೀನಿ ಕೇಳ್ರಿ. ನಮ್ಮ ಮೈಯಾಗಿನ ಒಂದೊಂದು ಕಣದಾಗೂ ಹೀಮ್ ಅನ್ನೂ ಸಾಮಾನು ತಯಾರಾಗ್ತೈತಿ. ರಕ್ತದ ಕೆಂಪು ಅಂತೀವಲ್ಲ, ಅದು. ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿದಂಗ ಅದನ್ನ ತಯಾರು ಮಾಡೂವು ಕಿಣ್ವ ಅಂತ ಅದಾವ. ನಾವು ಹಚ್ಚೂ ಜೆಲ್ಲು ಅದಕ್ಕ ಬೇಕಾದ ಹಿಟ್ಟಿದ್ದಂಗ. ಕಟ್ಟಕಡೀ ಕಿಣ್ವದ ಕೆಲಸ ಏನಂದ್ರ, ಒಂದು ಕೆಂಪು ಬಣ್ಣದೊಳಗ ಕಬ್ಬಿಣ ಕೂಡಿಸಿ ಹೀಮ್ ಮಾಡೂದು."

"ಹೂಂನ್ರಿ."

"ಕೆಟ್ಟ ಕಣದಾಗ ಈ ಕಡೀ ಕಿಣ್ವ ಭಾಳ ಮಂದ. ಹಿಂಗಾಗಿ ಆ ಕೆಂಪು ಬಣ್ಣ ಅಲ್ಲೇ ರಾಶಿ ಬೀಳ್ತೈತಿ. ಬೆಳಕು ಬಿಟ್ರ ಅದೇ ಬಣ್ಣ ಆ ಕಣಾನ ಸುಡ್ತೈತಿ. ಛಲೋ ಕಣಕ್ಕ ಏನೂ ಆಗಂಗಿಲ್ಲ."

ಪಾರ್ವತೆಮ್ಮನಿಗೆ ಅರ್ಥವಾಯಿತು. ರೊಟ್ಟಿ ಬಡಿಯುವವಳು ಚುರುಕಾಗಿ, ಹಂಚಿನ ಮುಂದೆ ಕೂತು ಬೇಯಿಸುವವಳು ನಿಧಾನವಾದರೆ ಹಸಿ ರೊಟ್ಟಿ ಗುಡ್ಡೆ ಬೀಳುತ್ತದಲ್ಲ, ಹಾಗೆ.

"ಆದ್ರ ಅಲ್ಲಿ ಕಬ್ಬಿಣ ಹೆಚ್ಚು ಸಿಕ್ಕರ ಆ ಮಂದ ಕಿಣ್ವನೂ ಕೆಲಸ ಹಚ್ಕೋತೈತಿ. ಬಣ್ಣ ಎಲ್ಲಾ ಹೀಮ್ ಆಗಿ ಖಾಲಿ. ಹೊಳಿಯಂಗೂ ಇಲ್ಲ, ಸುಡಂಗೂ ಇಲ್ಲ. ಅದಕ್ಕ ಕೇಳಾಕತ್ತೀನಿ. ಕಬ್ಬಿಣದ ಗುಳಿಗಿ ಏನರ ತಗೊಳ್ಳಾಕತ್ತೀರೇನು? ಇಲ್ಲಾ, ಬಾಯಿಗೆ ಏನರ ಹಚ್ಚಾಕತ್ತೀರಿ? ಹಲ್ಲಿನ ಸಂದ್ಯಾಗ ಕಪ್ಪು ಕಾಣ್ತೈತಲ್ಲ."

ಕಬ್ಬಿಣದ ಉಪ್ಪು ಎಂದಿದ್ದ ಅತ್ತೆಯ ಮಾತು ಪಾರ್ವತೆಮ್ಮನ ಕಿವಿಯಲ್ಲಿ ಮೊಳಗಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ, "ಇಲ್ಲ ಡಾಕ್ಟರ್, ಅದು ಹಳೇ ತಂಬಾಕಿನ ಕಲಿ. ಈಗ ಅವ್ವ ಬರೇ ಪೇಸ್ಟು ಹಚ್ಚೋದು" ಎಂದುಬಿಟ್ಟಳು. ಕಂಪನಿಯಲ್ಲಿ ಮಾತಾಡುವ ಖಚಿತ ದನಿಯಲ್ಲಿ.

"ಹೌದೇನ್ರಿ ಅಮ್ಮಾರ?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಣ್ಣ ಕೆಡುವುದು ತನ್ನದಷ್ಟೇ ಆಗಿದ್ದರೆ ಹೇಳುತ್ತಿದ್ದಳೋ ಏನೋ. ಮಗಳ ಮಾತು ಸುಳ್ಳೆಂದು ಡಾಕ್ಟರ ಎದುರು ತೋರಿಸುವುದು ಹೇಗೆ? ಮತ್ತೆ ಸ್ಕೂಲಿನ ಅಂಗಳದಲ್ಲಿ ನಿಂತಂತೆ ಆಯಿತು ಅವಳಿಗೆ. ತಲೆ ಆಡಿಸಿದಳು. "ಹೌದ್ರಿ."

"ಹಂಗಾದ್ರ ತಪ್ಪು ನಮ್ಮ ಕಡೀದ" ಎಂದು ವಾಸಂತಿ ಎದ್ದು ಹೋದಳು.

ಗೋಡೆ ಎಂದರೆ ಅಲ್ಲಿ ಪರದೆಯಷ್ಟೇ. ಆಚೆ ಮಾತಾಡಿದ್ದೆಲ್ಲ ಈಚೆಗೆ ಕೇಳಿಸಿತು. ಪುಡಿ ಫ್ರಿಜ್ಜಿನಿಂದ ಹೊರಗೆ ಎಷ್ಟು ಹೊತ್ತು ಇತ್ತು, ಕರೆಂಟು ಹೋದಾಗ ನೋಡಿದ್ದೆಯಾ, ತೂಕ ಸರಿ ಮಾಡಿದ್ದೆಯಾ ಎಂದು ವಾಸಂತಿ ಕೇಳಿದಳು. ಸೂರ್ಯಕಾಂತ ಮೊದಮೊದಲು, "ಇಲ್ಲ ಮೇಡಮ್, ನಾ ಸರಿಯಾಗೇ ಕಲಸೀನಿ" ಎಂದ. ಆಮೇಲೆ ಆಸ್ಪತ್ರೆಯ ದೊಡ್ಡವರು ಯಾರೋ ಬಂದು ತೆಲುಗಿನಲ್ಲಿ ಗದರಿದರು. ಮುದುಕಿಯ ಕೆನ್ನೆ ಕೊಯ್ಯುವ ಹಾಗಾದರೆ ನೀನು ಜವಾಬ್ದಾರನೇ ಎಂದರು. ಸೂರ್ಯಕಾಂತನ ದನಿ ಇಳಿಯುತ್ತಾ ಹೋಯಿತು. ಕಡೆಗೆ, ನಾಳೆಯಿಂದ ಬರಬೇಡ ಎಂಬ ಮಾತು ಕೇಳಿಸಿತು.

ಪಾರ್ವತೆಮ್ಮ ಕುರ್ಚಿಯ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡಳು. ಎದ್ದು ಪರದೆ ಸರಿಸಿದರೆ ಸಾಕಿತ್ತು. ಸೆಂಟ್ರಿಂಗಿನ ಮೇಲೆ ಮೂರು ಅಂತಸ್ತು ಹತ್ತಿದ ಕಾಲಿಗೆ ನಾಲ್ಕು ಹೆಜ್ಜೆ ಏನು ಮಹಾ? ಆದರೆ ಅವಳು ಏಳಲಿಲ್ಲ. ಸೂರ್ಯಕಾಂತ ಚೀಲ ಹೆಗಲಿಗೇರಿಸಿಕೊಂಡು ಹೊರಬಂದಾಗ ಅವಳ ಕಡೆ ನೋಡಿ ಕೈ ಮುಗಿದ. "ಅವ್ವಾರ, ನನ್ನಿಂದ ನಿಮಗ ತ್ರಾಸ ಆತು. ಮನಸಿಗೆ ಹಚ್ಕೋಬ್ಯಾಡ್ರಿ" ಎಂದ. ಅವಳು ಮರಳಿ ಕೈ ಮುಗಿಯಲೂ ಇಲ್ಲ. ನೆಲ ನೋಡುತ್ತಾ ಕುಳಿತಳು.

ಕ್ಯಾಬಿನಲ್ಲಿ ಸುವರ್ಣಾ ಆಸ್ಪತ್ರೆಯವರ ಬೇಜವಾಬ್ದಾರಿಯನ್ನು ದಾರಿಯುದ್ದಕ್ಕೂ ಬೈದಳು. ಪಾರ್ವತೆಮ್ಮ ಕಿಟಕಿಯ ಕಡೆ ಮುಖ ಮಾಡಿದ್ದಳು. ಮನೆಗೆ ಬಂದವಳೇ ಕರಿಪುಡಿಯನ್ನು ಬಚ್ಚಲಿಗೆ ಸುರಿದು, ಕಪ್ಪು ನೀರು ಹರಿದು ಹೋಗುವವರೆಗೆ ಕೊಡದ ಮೇಲೆ ಕೊಡ ನೀರು ಹಾಕಿದಳು. ಡಬ್ಬಿಯನ್ನೂ ಕಸಕ್ಕೆ ಎಸೆದಳು. ಇನ್ನು ಇದರ ಸುದ್ದಿಯೇ ಬೇಡ, ಮುಂದಿನ ಸಲ ತಾನಾಗಿ ಎಲ್ಲ ಸರಿಹೋಗುತ್ತದೆ, ಸರಿಹೋದ ಮೇಲೆ ಆ ಮನುಷ್ಯನನ್ನೂ ಮರಳಿ ಕರೆದುಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ. ಸುವರ್ಣಾಳ ಪೇಸ್ಟಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಸಡು ನೋಯುವ ಹಾಗೆ ಉಜ್ಜಿದಳು. ಊಟ ರುಚಿಸಲಿಲ್ಲ. ಗುರುಸಿದ್ದಪ್ಪ, "ಕೊಯ್ತಾರ ಅಂತ ಹೆದರ್ಕೊಂಡೀ ಏನ?" ಎಂದರೆ ಹೂಂ ಎಂದಳು. ಹೆದರಿಕೆ ಇತ್ತು. ಆದರೆ ಅವಳನ್ನು ತಿನ್ನುತ್ತಿದ್ದುದು ಆ ಮನುಷ್ಯ ಕೈ ಮುಗಿದ ರೀತಿ.

ಮೂರನೆಯ ಸಲ ಹೋದಾಗ, ಇದೇ ಕೊನೆಯದು ಎಂದು ವಾಸಂತಿ ಮೊದಲೇ ಹೇಳಿದಳು. ಇದೂ ಆಗದಿದ್ದರೆ ಕತ್ತರಿಸುವುದೇ. ಜೆಲ್ಲು ಕಲಸಿ ತಂದವಳು ಹೊಸ ಹುಡುಗಿ, ಪುಡಿಯನ್ನೂ ಹೊಸದಾಗಿ ತರಿಸಿದ್ದರು. ಹಚ್ಚಿದರು, ಕಾದರು. ಕೋಣೆ ಕತ್ತಲೆಯಾಯಿತು. ಬಾಯಿ ಮುಚ್ಚದಂತೆ ಬಲಗಡೆಯ ಹಲ್ಲುಗಳ ನಡುವೆ ರಬ್ಬರಿನ ತುಂಡು ಸಿಕ್ಕಿಸಿ ನೀಲಿ ದೀಪ ಹಿಡಿದರು.

"ಅಯ್ಯ, ನೋಡ್ರಿ!" ಎಂದಳು ವಾಸಂತಿ. ಸುವರ್ಣಾ ಹತ್ತಿರ ಬಂದು ಬಗ್ಗಿದಳು. ವಾಸಂತಿ ಕನ್ನಡಿ ಹಿಡಿದು ಪಾರ್ವತೆಮ್ಮನಿಗೂ ತೋರಿಸಿದಳು. ಎಡಗೆನ್ನೆಯ ಒಳಗೆ, ಕಲೆ ಇದ್ದಷ್ಟೇ ಜಾಗ, ಒಲೆಯ ಕೆಂಡದ ಹಾಗೆ ಕೆಂಪಗೆ ಬೆಳಗುತ್ತಿತ್ತು. ಸುವರ್ಣಾ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಪಾರ್ವತೆಮ್ಮನಿಗೂ ಒಂದು ಕ್ಷಣ ಜೀವ ಬಂದಂತಾಯಿತು. ಬದುಕಿದೆ ಎಂದುಕೊಂಡಳು.

ವಾಸಂತಿ ಎಲ್ಲರಿಗೂ ಕಪ್ಪು ಕನ್ನಡಕ ಹಾಕಿಸಿ, ಕೆಂಪು ಬೆಳಕಿನ ಸಣ್ಣ ನಳಿಗೆಯನ್ನು ಕೆನ್ನೆಯೊಳಗೆ ಇಟ್ಟಳು. ಇಟ್ಟು, ಹೊಸ ಹುಡುಗಿಗೆ ಹೇಳಿದಳು: "ನೋಡಿದೇನು? ಜೆಲ್ಲು ಸರಿ ಇದ್ರ ಹೆಂಗ ಹೊಳೀತೈತಿ. ಅಂದ್ರ ಆ ಸೂರ್ಯಕಾಂತಂದೇ ತಪ್ಪು, ಖರೇ ಆತು. ಯಾರೋ ಅವನ ಪರವಾಗಿ ಹೇಳಾಕ ಬಂದಿದ್ರು, ಇನ್ನೊಮ್ಮೆ ವಿಚಾರ ಮಾಡ್ರಿ ಅಂತ. ಇನ್ನ ವಿಚಾರ ಮಾಡೂದು ಏನೂ ಉಳೀಲಿಲ್ಲ. ಬ್ಯಾರೆ ಆಸ್ಪತ್ರಿಯವರು ಕೇಳಿದ್ರೂ ಇದನ್ನೇ ಹೇಳೂದು."

ಪಾರ್ವತೆಮ್ಮ ಕುರ್ಚಿಯಲ್ಲಿ ಮಿಸುಕಿದಳು. ತಾನು ಗುಟ್ಟಾಗಿ ಪುಡಿ ಬಿಟ್ಟದ್ದು ಆ ಮನುಷ್ಯನನ್ನು ಉಳಿಸುತ್ತದೆ ಎಂದುಕೊಂಡಿದ್ದಳು. ಉಳಿಸಿರಲಿಲ್ಲ, ಹೂತಿತ್ತು. ಅವನದು ತಪ್ಪಿಲ್ಲ ಎನ್ನಲು ಉಳಿದಿದ್ದ ಒಂದು ಅನುಮಾನವನ್ನೂ ಅವಳ ಬಾಯಿಯೇ ಹೊಳೆದು ಅಳಿಸಿಹಾಕಿತ್ತು. ಅಲ್ಲ, ಅಲ್ಲ ಎಂದು ಹೇಳಲು ನೋಡಿದಳು. ಗಂಟಲಿನಿಂದ ಗೊರಗೊರ ಸದ್ದು ಬಂತಷ್ಟೆ.

"ಅಲುಗಾಡಬ್ಯಾಡ್ರಿ ಅಮ್ಮಾರ, ಉರೀತೈತಿ, ತಡಕೋರಿ."

ಉರಿಯುತ್ತಿತ್ತು ನಿಜ. ನೋವು ತಿಳಿಯದ ಮದ್ದಿನ ಸೂಜಿ ಚುಚ್ಚಿದ್ದರೂ ಸಾವಿರ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತಿತ್ತು. ಆ ಉರಿಯೇ ವಾಸಿ ಅನ್ನಿಸಿತು ಅವಳಿಗೆ. ಬಾಯಿ ತೆರೆಯಬಹುದಾಗಿದ್ದ ದಿನ ತೆರೆಯಲಿಲ್ಲ, ಈಗ ಇಷ್ಟಗಲ ತೆರೆದುಕೊಂಡು ಮಾತೇ ಬಾರದೆ ಬಿದ್ದಿದ್ದಳು. ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯಿತು. ಸುವರ್ಣಾ ಅದನ್ನು ನೋವಿನದೆಂದು ತಿಳಿದು ಕರವಸ್ತ್ರದಿಂದ ಒರೆಸಿದಳು.

ಬೆಳಕು ಆರಿತು. ರಬ್ಬರು ತೆಗೆದ ತಕ್ಷಣ, ಉಗುಳನ್ನೂ ಉಗುಳದೆ, ಪಾರ್ವತೆಮ್ಮ ವಾಸಂತಿಯ ಕೈ ಹಿಡಿದಳು.

"ಡಾಕ್ಟರಮ್ಮಾ, ಆ ಮನಶಾಂದು ತಪ್ಪಿಲ್ರಿ. ನಂದು. ನಾ ಹಲ್ಲಿಗೆ ಕರಿಪುಡಿ ಹಚ್ತಿದ್ನಿ. ಅನ್ನಭೇದಿ ಹಾಕಿದ್ದು, ಕಬ್ಬಿಣದ್ದು. ಆ ಕಲಿ ಮ್ಯಾಲೂ ಒತ್ತಿ ಹಚ್ತಿದ್ನಿ. ಎರಡೂ ಸಲ. ಈ ಸಲ ಬಿಟ್ಟೀನಿ, ಅದಕ್ಕ ಹೊಳೀತು."

ವಾಸಂತಿ ಅರ್ಥವಾಗದವಳಂತೆ ನೋಡಿದಳು. "ನಾ ಕೇಳಿದ್ನಲ್ಲ ಅಮ್ಮಾರ?"

"ಕೇಳಿದ್ರಿ. ಸುಳ್ಳು ಹೇಳಿದ್ನಿ."

"ಡಾಕ್ಟರ್, ಔಷಧಕ್ಕ ತಲಿ ತಿರುಗೇತಿ ಅವ್ವಗ, ಏನೇನೋ ಮಾತಾಡಾಕತ್ತಾಳ" ಎಂದಳು ಸುವರ್ಣಾ. ತಾಯಿ ಮಗಳ ಕಡೆ ತಿರುಗಿದಳು. ಸುವರ್ಣಾ ಕಣ್ಣು ಕೂಡಿಸಲಿಲ್ಲ. ಅವಳ ಕಿವಿಗಳು ಕೆಂಪಾಗಿದ್ದವು. ಮಗಳಿಗೆ ಎಂದಿನಿಂದಲೋ ಗೊತ್ತಿತ್ತು ಎಂದು ಪಾರ್ವತೆಮ್ಮನಿಗೆ ಆಗ ತಿಳಿಯಿತು. ಸೋಪಿನ ಡಬ್ಬಿಯ ಹಿಂದಿನ ಪುಡಿಯೂ ಗೊತ್ತಿತ್ತು, ಪರದೆಯ ಆಚೆ ಯಾರ ಅನ್ನ ಹೋಗುತ್ತಿದೆ ಎಂಬುದೂ ಗೊತ್ತಿತ್ತು. ಇಬ್ಬರೂ ಅದೇ ಕ್ಯಾಬಿನಲ್ಲಿ ಅಕ್ಕಪಕ್ಕ ಕೂತು ಬಂದಿದ್ದರು. ತನ್ನ ನಾಚಿಕೆಯನ್ನೇ ಮಗಳಿಗೆ ಉಣಿಸಿ ಬೆಳೆಸಿದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

"ತಲಿ ಸರಿ ಐತವ್ವ ನಂದು" ಎಂದಳಷ್ಟೆ.

ವಾಸಂತಿಯ ಮುಖವೂ ಸಪ್ಪಗಾಗಿತ್ತು. ಬಾಯಿಯ ಕಪ್ಪನ್ನು ಕಣ್ಣಾರೆ ಕಂಡೂ ಮಗಳ ಖಚಿತ ದನಿಯ ಮಾತನ್ನು ನಂಬಿದವಳು ಅವಳೇ. ಕೊನೆಗೆ ಮೊಬೈಲು ತೆಗೆದು ಸೂರ್ಯಕಾಂತನ ನಂಬರು ಒತ್ತಿದಳು. "ಸೂರ್ಯಕಾಂತ, ನಾ ವಾಸಂತಿ. ನಾಳಿಂದ ಕೆಲಸಕ್ಕ ಬರ್ರಿ. ಯಾಕಂತ ಇವರೇ ಹೇಳ್ತಾರ, ಕೇಳ್ರಿ" ಎಂದು ಪಾರ್ವತೆಮ್ಮನ ಕೈಗೆ ಕೊಟ್ಟಳು.

ಊದಿದ ಕೆನ್ನೆಯಲ್ಲಿ ಮಾತು ತೊದಲುತ್ತಿತ್ತು. ಆದರೂ ಎಲ್ಲ ಹೇಳಿದಳು. ಪುಡಿ, ಸುಳ್ಳು, ಪರದೆಯ ಈಚೆ ಸುಮ್ಮನೆ ಕೂತದ್ದು. ಹೇಳಿ ಮುಗಿದ ಮೇಲೆ ಸೂರ್ಯಕಾಂತ ಕೇಳಿದ: "ಈಗ ಹೊಳೀತೇನ್ರಿ ಅವ್ವಾರ?"

"ಹೊಳೀತಪ್ಪ."

"ಅಂದ್ರ ನಾ ಕಲಸಿದ್ದು ಸರಿ ಇತ್ತೇನ್ರಿ?"

"ಸರಿ ಇತ್ತು. ನಿಂದೇನೂ ತಪ್ಪಿರಲಿಲ್ಲ."

"ಇನ್ನೊಮ್ಮೆ ಹೇಳ್ರಿ. ಸ್ಪೀಕರಿಗೆ ಹಾಕ್ತೀನಿ, ನಮ್ಮ ಮನಿಯಾಕಿ ಕೇಳ್ಲಿ. ಎಲ್ಲಾರೂ ಅಂದ್ರು ಅಂತ ನಾನೂ ಖರೇನ ಅನ್ಕೊಂಡಿದ್ನಿ. ಎಲ್ಲೋ ನನ್ನ ಕೈ ತಪ್ಪೈತಿ ಅಂತ ಆಕಿಗೂ ಹೇಳಿಬಿಟ್ಟೀನಿ. ಒಂದು ಮುದುಕಿ ಬಾಯಿ ಕೆಡಿಸಿದ್ನಲ್ಲಾ ಅಂತ ನಿದ್ದಿ ಇಲ್ರಿ ನನಗ."

ಪಾರ್ವತೆಮ್ಮ ಇನ್ನೊಮ್ಮೆ ಹೇಳಿದಳು. ಗುರುತಿಲ್ಲದ ಹೆಣ್ಣುಮಗಳಿಗೆ, ಎಲ್ಲರೆದುರು, ಮೊದಲಿನಿಂದ ಕೊನೆಯವರೆಗೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ.

"ಅಮ್ಮಾರ, ನಮ್ಮವರು ಅಲ್ಲೇ ನಿಮ್ಮ ಮುಂದ ನಿಂತಿದ್ರಲ್ರಿ. ಅವತ್ತೇ ಯಾಕ ಹೇಳಲಿಲ್ಲ?"

ಪಾರ್ವತೆಮ್ಮ ಸುವರ್ಣಾಳ ಕಡೆ ನೋಡಿದಳು, ವಾಸಂತಿಯ ಕಡೆ ನೋಡಿದಳು. ಹೇಳಿಕೊಳ್ಳಲು ದೊಡ್ಡ ಕಾರಣವೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ನಾಚಿಕಿ ಆತವ್ವ" ಎಂದಳು.

ಮೊಬೈಲನ್ನು ಹಾಗೇ ಕಿವಿಗೆ ಹಿಡಿದುಕೊಂಡಿದ್ದಳು. ಆಮೇಲೆ ವಾಸಂತಿ ಮೊಬೈಲು ತೆಗೆದುಕೊಂಡು, ಅವರು ಫೋನು ಇಟ್ಟುಬಿಟ್ಟಿದ್ದಾರೆ ಎಂದಳು.